ಮುಂದಿನ ಟೈರ್ ದಪ್ಪ ಮಾಡ್ಸೋ ಮುಂಚೆ ಟ್ರೇಲ್ ಲೆಕ್ಕ ಹಾಕಿ

ಬೈಕಿನ ಮುಂಭಾಗ ಅಗಲ ಮಾಡ್ಸೋದು, ದಪ್ಪ ಟೈರ್ ಹಾಕ್ಸೋದು, ಇದರ ಬಗ್ಗೆ ಬಂದಿರೋ ಪ್ರಶ್ನೆಗಳನ್ನೆಲ್ಲ ಈ ಸಲ ಒಟ್ಟಿಗೆ ತಗೊಂಡಿದೀನಿ. ಮೊದಲನೇ ಉತ್ತರ ಸ್ವಲ್ಪ ಉದ್ದ ಆಗಿದೆ, ಉಳಿದ ಪ್ರಶ್ನೆ ಕೇಳಿದವರೂ ಅದನ್ನ ಓದಿ, ಯಾಕಂದ್ರೆ ಟ್ರೇಲ್ ಅಂದ್ರೆ ಏನು ಅನ್ನೋದೂ ಸೇರಿ ಮುಖ್ಯವಾದ ಲೆಕ್ಕ ಎಲ್ಲ ಅಲ್ಲೇ ಇದೆ. ಟೈರ್ ಮೇಲೆ 100/90-19 ಅಂತ ಇದ್ರೆ ಅಗಲ 100 ಮಿಮೀ, ಪಕ್ಕದ ಎತ್ತರ ಆ ಅಗಲದ ನೂರಕ್ಕೆ 90, ರಿಮ್ 19 ಇಂಚು ಅಂತ ಅರ್ಥ.

ಪ್ರಶ್ನೆ: ಸರ್, ನನ್ನ ಬೈಕಿಗೆ ಮುಂದೆ 100/90-19 ಟೈರ್ ಇದೆ, ಸ್ಪೋಕ್ ವೀಲ್, ಸಿಂಗಲ್ ಡಿಸ್ಕ್. ಎದುರಿಂದ ನೋಡಿದ್ರೆ ತೀರಾ ತೆಳ್ಳಗೆ ಕಾಣತ್ತೆ, ನಂಗೆ ಬಾಬರ್ ಅನ್ನೋ ಗಿಡ್ಡ ಕಸ್ಟಮ್ ಬೈಕುಗಳ ತರ ದಪ್ಪ ಲುಕ್ ಬೇಕು. 130/90-16 ಹಾಕೋಣ ಅಂತಿದೀನಿ. ಈಗಿರೋ ಫೋರ್ಕ್ ಮಧ್ಯೆ ಅದು ಕೂರಲ್ಲ, ಅದಕ್ಕೆ ಅಗಲದ ಟ್ರಿಪಲ್ ಟ್ರೀ (ಎರಡು ಫೋರ್ಕನ್ನೂ ಹಿಡಿದಿರೋ ಮೇಲಿನ, ಕೆಳಗಿನ ಪ್ಲೇಟ್ ಜೋಡಿ) ಮಾಡ್ಸಿ, ಉದ್ದದ ಆಕ್ಸಲ್ ಹಾಕಿ, ಎರಡೂ ಕಡೆ ಸ್ಪೇಸರ್ ಕೊಟ್ರೆ ಮುಗೀತು ಅಂತ ಫ್ರೆಂಡ್ ಹೇಳ್ತಿದಾನೆ. ಅಷ್ಟೇನಾ ಸರ್?

ಉತ್ತರ: ಅಷ್ಟೇ ಅಲ್ಲ. ಫ್ರೆಂಡ್ ಹೇಳಿದ್ದೆಲ್ಲ ಮಾಡಿದ್ರೆ ಚಕ್ರ ಕೂರತ್ತೆ, ಬೈಕ್ ನಿಲ್ಲತ್ತೆ, ಫೋಟೋನೂ ಚೆನ್ನಾಗಿ ಬರತ್ತೆ. ಓಡಿಸುವಾಗ ಹೇಗಿರತ್ತೆ ಅನ್ನೋದು ಮಾತ್ರ ಬೇರೆ ನಾಲ್ಕೈದು ಅಳತೆ ಮೇಲೆ ನಿಂತಿದೆ, ಅವು ಯಾವುವೂ ಎದುರಿಂದ ನೋಡಿದ್ರೆ ಕಾಣಲ್ಲ.

ಮೊದಲು ಅಗಲ. ನಿಮ್ಮ ಫೋರ್ಕ್ ಬಾಟಮ್, ಅಂದ್ರೆ ಕೆಳಗಿನ ದಪ್ಪ ಭಾಗ ಇದ್ಯಲ್ಲ, ಅದರ ಹೊರ ವ್ಯಾಸ ವರ್ನಿಯರ್ ಹಿಡಿದು ಅಳೀರಿ. ಉದಾಹರಣೆಗೆ 58 ಮಿಮೀ ಇದೆ ಅಂದ್ಕೊಳ್ಳಿ. ಎರಡು ಫೋರ್ಕಿನ ಮಧ್ಯದಿಂದ ಮಧ್ಯಕ್ಕೆ 180 ಮಿಮೀ ಇದ್ರೆ ಒಳಗೆ ಉಳಿಯೋ ಜಾಗ 122 ಮಿಮೀ. 130 ಅಂತ ಬರ್ದಿರೋ ಟೈರ್ ರಿಮ್ಮಿಗೆ ಹಾಕಿ ಗಾಳಿ ತುಂಬಿದ್ಮೇಲೆ ಕರೆಕ್ಟಾಗಿ 130 ಇರಲ್ಲ, ರಿಮ್ ಅಗಲದ ಮೇಲೆ ಒಂದಷ್ಟು ಮಿಮೀ ಆಚೆ ಈಚೆ ಆಗತ್ತೆ, ಅದಕ್ಕೆ ಲೆಕ್ಕಕ್ಕೆ 135 ಅಂತಾನೇ ತಗೊಳ್ಳಿ. ಟೈರ್ ಸ್ಪೀಡಲ್ಲಿ ಸ್ವಲ್ಪ ಹಿಗ್ಗತ್ತೆ, ಕೆಸರು ಕಲ್ಲು ಬೇರೆ ಸಿಕ್ಕಾಕೊಳ್ಳತ್ತೆ, ಹಾಗಾಗಿ ಪಕ್ಕಕ್ಕೆ 10 ಮಿಮೀ ಖಾಲಿ ಜಾಗ ಇರ್ಲೇಬೇಕು ಅಂತ ನಾನು ಹೇಳ್ತೀನಿ. 135, ಎರಡು ಪಕ್ಕಕ್ಕೆ ಸೇರಿ 20, ಫೋರ್ಕ್ ದಪ್ಪ 58, ಒಟ್ಟು 213 ಮಿಮೀ. ನಿಮಗೆ ಬೇಕಾದ ಟ್ರಿಪಲ್ ಟ್ರೀ ಅಗಲ ಅದು, ಈಗಿರೋದಕ್ಕಿಂತ 33 ಮಿಮೀ ಜಾಸ್ತಿ. ನಿಮ್ಮ ಬೈಕಿನ ನಿಜವಾದ ಅಳತೆ ಹಾಕಿ ಇದೇ ಲೆಕ್ಕ ಮಾಡಿ.

ಈಗ ಆ 33 ಮಿಮೀ ಏನೇನು ಮಾಡತ್ತೆ ನೋಡಿ. ಫೋರ್ಕಿನ ಒಂದೊಂದು ಕಾಲೂ ಹದಿನಾರೂವರೆ ಮಿಮೀ ಹೊರಗೆ ಹೋಯ್ತು, ಡಿಸ್ಕನ್ನ ಒತ್ತಿ ಹಿಡಿಯೋ ಬ್ರೇಕ್ ಕ್ಯಾಲಿಪರ್ ಫೋರ್ಕ್ ಕಾಲಿಗೇ ಬೋಲ್ಟ್ ಆಗಿರೋದ್ರಿಂದ ಅದೂ ಅಷ್ಟೇ ಹೊರಗೆ ಹೋಯ್ತು, ಆದ್ರೆ ಡಿಸ್ಕ್ ಹಬ್ಬಿನ ಮೇಲಿದೆ, ಹಳೇ ಜಾಗದಲ್ಲೇ ಉಳೀತು. ಆಗ ಡಿಸ್ಕ್ ಕೆಳಗೆ ದಪ್ಪ ವಾಷರ್ ಇಟ್ಟು ಉದ್ದದ ಬೋಲ್ಟ್ ಹಾಕಿ ಹೊರಗೆ ತಳ್ಳೋಣ ಅಂತ ಯಾರಾದ್ರೂ ಹೇಳ್ತಾರೆ. ದಯವಿಟ್ಟು ಒಪ್ಕೋಬೇಡಿ. ಜೋರಾಗಿ ಬ್ರೇಕ್ ಹಿಡಿದಾಗ ಡಿಸ್ಕಿಗೆ ಬರೋ ಅಷ್ಟೂ ಬಲವನ್ನ ಹಬ್ಬಿಗೆ ದಾಟಿಸೋದು ಆ ಬೋಲ್ಟ್ ಜಾಯಿಂಟು, ಡಿಸ್ಕ್ ಹಬ್ಬಿಗೆ ಗಟ್ಟಿಯಾಗಿ ಒತ್ತಿ ಕೂತಿರಬೇಕು, ಬೋಲ್ಟ್ ಗಾಳಿಯಲ್ಲಿ ಚಾಚ್ಕೊಂಡಿದ್ರೆ ಅದು ಬಾಗತ್ತೆ, ಸಡಿಲ ಆಗತ್ತೆ, ಕೊನೆಗೆ ಮುರಿಯತ್ತೆ. ಮುಂದಿನ ಬ್ರೇಕ್ ಬೋಲ್ಟ್ ಮುರಿದ್ರೆ ಏನಾಗತ್ತೆ ಅಂತ ನಾನು ಬಿಡಿಸಿ ಹೇಳ್ಬೇಕಾಗಿಲ್ಲ. ಅಗಲದ ಹಬ್ ಬೇಕು, ಇಲ್ಲಾಂದ್ರೆ ಗಟ್ಟಿ ಲೋಹದಲ್ಲಿ ಒಂದೇ ತುಂಡಾಗಿ ಮಷಿನಿಂಗ್ ಮಾಡಿದ, ಹಬ್ಬಿನ ಮಧ್ಯಕ್ಕೆ ಕರೆಕ್ಟಾಗಿ ಕೂರೋ ಅಡಾಪ್ಟರ್ ಬೇಕು, ಅದರಲ್ಲಿ ಡಿಸ್ಕಿಗೆ ಬೇರೆ ಬೋಲ್ಟು ಹಬ್ಬಿಗೆ ಬೇರೆ ಬೋಲ್ಟು ಇರ್ಬೇಕು.

ಇನ್ನೊಂದು ವಿಷಯ ತುಂಬಾ ಜನ ಚಕ್ರ ಕಟ್ಟಿಸಿ ಆದ್ಮೇಲೆ ಕಂಡ್ಕೊಳ್ತಾರೆ. 19 ಇಂಚಿನ ಚಕ್ರದ ಒಳಗೆ ಆರಾಮಾಗಿದ್ದ ಕ್ಯಾಲಿಪರ್ 16 ಇಂಚಿನ ರಿಮ್ ಒಳಗೆ ಕೂರದೇ ಇರಬಹುದು. 300 ಮಿಮೀ ಡಿಸ್ಕ್ ಇದ್ರಂತೂ ಕ್ಯಾಲಿಪರಿನ ಹೊರ ಅಂಚಿಗೂ ರಿಮ್ಮಿಗೂ ಮಧ್ಯೆ ಉಳಿಯೋದು ಬಹಳ ಕಮ್ಮಿ. ರಿಮ್ ತಗೊಳ್ಳೋ ಮುಂಚೆ ರಟ್ಟಲ್ಲಿ ಒಂದು ವೃತ್ತ ಕತ್ತರಿಸಿ ಇಟ್ಟು ನೋಡಿ, ಹತ್ತು ನಿಮಿಷದ ಕೆಲಸ.

ರಿಮ್ ಅಗಲನೂ ನೋಡ್ಬೇಕು. 100/90-19ಗೆ ಬರೋ ರಿಮ್ ಸಾಮಾನ್ಯವಾಗಿ 2.15ರಿಂದ 2.50 ಇಂಚು, 130/90-16ಗೆ 3.00ರಿಂದ 3.50 ಇಂಚು ಬೇಕು. ಸಣ್ಣ ರಿಮ್ಮಿಗೆ ದಪ್ಪ ಟೈರ್ ಹಾಕಿದ್ರೆ ಎರಡೂ ಅಂಚು ಒಳಗೆ ಎಳ್ಕೊಂಡು ಟೈರ್ ಮೇಲ್ಭಾಗ ಉಬ್ಬತ್ತೆ, ಕಂಪನಿಯವರು ಡಿಸೈನ್ ಮಾಡಿದ ಆಕಾರವೇ ಉಳಿಯಲ್ಲ, ತಿರುವಲ್ಲಿ ಪಕ್ಕದ ಗೋಡೆ ಅಲ್ಲಾಡತ್ತೆ. ಟೈರ್ ಕಂಪನಿಯ ಪಟ್ಟಿಯಲ್ಲಿ ಯಾವ ರಿಮ್ ಒಪ್ಪಿದ್ದಾರೋ ಅದನ್ನೇ ಹಾಕ್ಸಿ.

ಈಗ ಎಲ್ಲಕ್ಕಿಂತ ಮುಖ್ಯವಾದ್ದು, ಟ್ರೇಲ್. ಸ್ಟೀರಿಂಗ್ ಸ್ಟೆಮ್, ಅಂದ್ರೆ ಹ್ಯಾಂಡಲ್ ತಿರುಗೋ ಅಚ್ಚು, ಅದರ ನಡುಗೆರೆಯನ್ನ ಹಾಗೇ ನೆಲದವರೆಗೆ ಎಳೆದ್ರೆ ಅದು ನೆಲಕ್ಕೆ ಮುಟ್ಟೋ ಜಾಗ ಟೈರ್ ನೆಲ ಮುಟ್ಟೋ ಜಾಗಕ್ಕಿಂತ ಮುಂದಿರತ್ತೆ, ಆ ಎರಡರ ಮಧ್ಯದ ದೂರವೇ ಟ್ರೇಲ್. ಆಫೀಸ್ ಕುರ್ಚಿಯ ಪುಟ್ಟ ಚಕ್ರ ತಳ್ಳಿದ ಕಡೆಗೆ ತಾನೇ ತಿರುಗಿ ಹಿಂದೆ ಹಿಂದೆ ಬರತ್ತಲ್ಲ, ಬೈಕಿನ ಮುಂದಿನ ಚಕ್ರ ನೇರ ಹೋಗೋದರ ಹಿಂದೆಯೂ ಅದೇ ಕೆಲಸ ಇದೆ. ಲೆಕ್ಕ ಹೀಗೆ: ಚಕ್ರದ ತ್ರಿಜ್ಯವನ್ನ ರೇಕ್ (ಸ್ಟೆಮ್ ನೆಟ್ಟಗಿನ ಗೆರೆಯಿಂದ ಎಷ್ಟು ಓರೆ ಇದೆ ಅನ್ನೋದು) ಕೋನದ ಟ್ಯಾನ್‌ನಿಂದ ಗುಣಿಸಿ, ಅದರಿಂದ ಟ್ರಿಪಲ್ ಟ್ರೀ ಆಫ್‌ಸೆಟ್ಟನ್ನ ಅದೇ ಕೋನದ ಕೊಸೈನ್‌ನಿಂದ ಭಾಗಿಸಿ ಬಂದದ್ದನ್ನ ಕಳೀರಿ. ಆಫ್‌ಸೆಟ್ ಅಂದ್ರೆ ಸ್ಟೆಮ್ಮಿನ ನಡುಗೆರೆಯಿಂದ ಫೋರ್ಕ್ ಎಷ್ಟು ಮುಂದಿದೆ ಅನ್ನೋದು, ಆಕ್ಸಲ್ ಫೋರ್ಕಿನ ನೇರಕ್ಕೇ ಇರೋ ಬೈಕಿಗೆ ಈ ಲೆಕ್ಕ ಸಾಕು, ಆಕ್ಸಲ್ ಫೋರ್ಕಿಗಿಂತ ಮುಂದೆ ಕೂತಿದ್ರೆ ಆ ದೂರವನ್ನೂ ಆಫ್‌ಸೆಟ್ಟಿಗೆ ಸೇರಿಸ್ಕೊಳ್ಳಿ.

ರೇಕ್ 26 ಡಿಗ್ರಿ, ಆಫ್‌ಸೆಟ್ 55 ಮಿಮೀ ಇರೋ ಬೈಕ್ ಅಂತ ಇಟ್ಕೊಳ್ಳೋಣ. 100/90-19 ಟೈರಿನ ಪಕ್ಕದ ಎತ್ತರ 90 ಮಿಮೀ, 19 ಇಂಚು ಅಂದ್ರೆ 482.6 ಮಿಮೀ, ಒಟ್ಟು ವ್ಯಾಸ 662.6, ತ್ರಿಜ್ಯ 331. ಟ್ರೇಲ್ 100 ಮಿಮೀ ಬರತ್ತೆ. 130/90-16ಗೆ ಪಕ್ಕದ ಎತ್ತರ 117, ಒಟ್ಟು ವ್ಯಾಸ 640.4, ತ್ರಿಜ್ಯ 320. ಟ್ರೇಲ್ 95ಕ್ಕೆ ಇಳೀತು. ಅಲ್ಲಿಗೆ ಮುಗೀಲಿಲ್ಲ, ಮುಂಭಾಗ 11 ಮಿಮೀ ತಗ್ಗಿದ್ರಿಂದ ಇಡೀ ಬೈಕ್ ಮುಂದಕ್ಕೆ ಬಾಗತ್ತೆ, ವೀಲ್‌ಬೇಸ್ 1400 ಮಿಮೀ ಇದ್ರೆ ರೇಕ್ ಹತ್ರತ್ರ ಅರ್ಧ ಡಿಗ್ರಿ ಕಮ್ಮಿ ಆಗತ್ತೆ, ಟ್ರೇಲ್ 92ಕ್ಕೆ ಬಂತು. 8 ಮಿಮೀ ಹೋಯ್ತು. ಇದೇನು ಅಪಾಯದ ಸಂಖ್ಯೆ ಅಲ್ಲ, ಆದ್ರೆ ಹೊಸ ಟ್ರಿಪಲ್ ಟ್ರೀ ಮಾಡೋವ್ರು ಆಫ್‌ಸೆಟ್ ಕೇಳದೇ ತಮ್ಮ ಅಂದಾಜಲ್ಲಿ 65 ಮಾಡ್ಬಿಟ್ರೆ ಇನ್ನೂ 11 ಮಿಮೀ ಹೋಗತ್ತೆ, 40 ಮಾಡ್ಬಿಟ್ರೆ ಉಲ್ಟಾ 17 ಮಿಮೀ ಜಾಸ್ತಿ ಆಗಿ ಹ್ಯಾಂಡಲ್ ಎಳೆದಾಡಿಸೋ ಹಾಗೆ ಭಾರ ಆಗತ್ತೆ. ಅದಕ್ಕೇ ಲೇತಿಗೆ ಹೋಗೋ ಮುಂಚೆ ಈ ಸಂಖ್ಯೆ ನಿಮ್ಮ ಕೈಯಲ್ಲಿ ಬರ್ದಿರಬೇಕು.

ಫೋರ್ಕ್ ಪೈಪ್ ಮೇಲಿನ ಪ್ಲೇಟಿಗಿಂತ ಹತ್ತು ಮಿಮೀ ಮೇಲೆ ಇಣುಕ್ತಾ ಇದ್ರೆ ಅದನ್ನ ಪ್ಲೇಟಿನ ಮಟ್ಟಕ್ಕೆ ಇಳಿಸಿ, ತಗ್ಗಿದ ಎತ್ತರದಲ್ಲಿ ಹೆಚ್ಚೂಕಮ್ಮಿ ಪೂರ್ತಿ ವಾಪಸ್ ಸಿಗತ್ತೆ.

ಇಷ್ಟೆಲ್ಲ ಕೇಳಿ ಬೇಜಾರಾಗ್ಬೇಡಿ. ಇದನ್ನೆಲ್ಲ ಒಂದೇ ಏಟಿಗೆ ಬಗೆಹರಿಸೋ ದಾರಿ ಇದೆ, ನನ್ನ ಸಲಹೆನೂ ಅದೇ. ದಪ್ಪ ಮುಂದಿನ ಟೈರ್ ಕಂಪನಿಯಿಂದಲೇ ಬಂದಿರೋ ಯಾವುದಾದ್ರೂ ಬೈಕಿನ ಪೂರ್ತಿ ಸೆಟ್ ತಗೊಳ್ಳಿ, ಫೋರ್ಕ್, ಎರಡೂ ಪ್ಲೇಟ್, ಚಕ್ರ, ಆಕ್ಸಲ್, ಸ್ಪೇಸರ್, ಡಿಸ್ಕ್, ಕ್ಯಾಲಿಪರ್, ಮಡ್‌ಗಾರ್ಡ್, ಎಲ್ಲ ಒಂದೇ ಬೈಕಿಂದು. ಆ ಸೆಟ್ಟಿನೊಳಗೆ ಅಗಲ, ಬ್ರೇಕ್, ಹಬ್ ಎಲ್ಲ ಒಂದಕ್ಕೊಂದು ಹೊಂದಿರತ್ತೆ. ನಿಮಗೆ ಉಳಿಯೋ ಕೆಲಸ ಸ್ಟೆಮ್ ಮತ್ತು ಕೋನ್ ಸೆಟ್ (ಸ್ಟೀರಿಂಗ್ ಬೇರಿಂಗ್) ನಿಮ್ಮ ಚಾಸಿಗೆ ಹೊಂದಿಸೋದು, ಫೋರ್ಕ್ ಉದ್ದ ನೋಡೋದು, ಮಾಸ್ಟರ್ ಸಿಲಿಂಡರ್ ಆ ಕ್ಯಾಲಿಪರಿಗೆ ಸರಿಯಾದ್ದಾ ಅಂತ ನೋಡೋದು, ಮತ್ತೆ ಟ್ರೇಲ್ ಲೆಕ್ಕ ಹಾಕೋದು. ಸ್ಟೆಮ್ ಬದಲಿಸೋದಾದ್ರೆ ಪ್ರೆಸ್ಸಲ್ಲಿ ತೆಗೆದು ಪ್ರೆಸ್ಸಲ್ಲೇ ಕೂರಿಸ್ಬೇಕು, ಹಳೇ ಸ್ಟೆಮ್ ಕತ್ತರಿಸಿ ವೆಲ್ಡ್ ಹೊಡೆಯೋದು ಬೇಡವೇ ಬೇಡ, ಆಕ್ಸಲ್ಲಿಗೂ ಅದೇ ಮಾತು.

ಎಲ್ಲ ಜೋಡಿಸಿ ಆದ್ಮೇಲೆ ಫೋರ್ಕಿಂದ ಸ್ಪ್ರಿಂಗ್ ತೆಗೆದು ಕೈಯಿಂದ ಪೂರ್ತಿ ಕೆಳಗೆ ಒತ್ತಿ ನೋಡಿ. ಟೈರ್ ಕೆಳಗಿನ ಪ್ಲೇಟಿಗೆ, ಮಡ್‌ಗಾರ್ಡಿಗೆ, ರೇಡಿಯೇಟರ್ ಇದ್ರೆ ಅದಕ್ಕೆ ತಾಗತ್ತಾ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಫೋರ್ಕ್ ಟ್ಯಾಂಕಿಗೆ ಬಡಿಯತ್ತಾ, ಸ್ಟಾಪರ್ ಹಿಡಿಯತ್ತಾ, ಬ್ರೇಕ್ ಹೋಸ್ ಎಳೆಯತ್ತಾ, ಎಲ್ಲ ಆಗಲೇ ಗೊತ್ತಾಗತ್ತೆ.

ಪ್ರಶ್ನೆ: ದಪ್ಪ ಟೈರ್ ಅಂದ್ರೆ ರೋಡಿಗೆ ಜಾಸ್ತಿ ರಬ್ಬರ್ ತಾಗತ್ತೆ, ಬ್ರೇಕಿಂಗೂ ಮಳೆಯಲ್ಲಿ ಗ್ರಿಪ್ಪೂ ಜಾಸ್ತಿ ಆಗತ್ತೆ ಅಲ್ವಾ? ನಾನು ಹಾಕ್ಸಿದ್ಮೇಲೆ ಬೈಕ್ ತಿರುವಿಗೆ ಬೀಳೋದೇ ಕಷ್ಟ ಆಗಿದೆ, ತಿರುವಲ್ಲಿ ಬ್ರೇಕ್ ಮುಟ್ಟಿದ್ರೆ ಎದ್ದು ನಿಲ್ಲತ್ತೆ. ಟೈರ್ ಡಿಫೆಕ್ಟಾ?

ಉತ್ತರ: ಡಿಫೆಕ್ಟ್ ಅಲ್ಲ, ದಪ್ಪ ಟೈರಿನ ಗುಣವೇ ಅದು. ನೆಲಕ್ಕೆ ತಾಗೋ ರಬ್ಬರಿನ ವಿಸ್ತೀರ್ಣ ಬಹುಪಾಲು ಮುಂದಿನ ಚಕ್ರದ ಮೇಲಿನ ಭಾರ ಮತ್ತು ಗಾಳಿ ಒತ್ತಡದಿಂದ ನಿರ್ಧಾರ ಆಗತ್ತೆ, ಅವೆರಡೂ ಅಷ್ಟೇ ಇದ್ರೆ ದಪ್ಪ ಟೈರಲ್ಲಿ ಆ ತಾಗೋ ಜಾಗ ಅಡ್ಡಕ್ಕೆ ಅಗಲ ಆಗತ್ತೆ, ಉದ್ದಕ್ಕೆ ಗಿಡ್ಡ ಆಗತ್ತೆ, ಒಟ್ಟು ಜಾಗ ಅಂಥಾ ಏನೂ ಹೆಚ್ಚಲ್ಲ. ನೀರು ನಿಂತ ರೋಡಲ್ಲಂತೂ ಅಗಲದ ಟೈರ್ ನೀರನ್ನ ಪಕ್ಕಕ್ಕೆ ತಳ್ಳೋಕೆ ಜಾಸ್ತಿ ಕಷ್ಟ ಪಡತ್ತೆ, ಬೇಗ ತೇಲತ್ತೆ, ಅದಕ್ಕೆ ಮಳೆಯಲ್ಲಿ ನೀವು ಮುಂಚೆಗಿಂತ ನಿಧಾನ ಹೋಗ್ಬೇಕು. ಮರಳು, ಸಡಿಲ ಮಣ್ಣು ಬೇರೆ ಕತೆ, ಅಲ್ಲಿ ಕಮ್ಮಿ ಗಾಳಿಯ ದಪ್ಪ ಟೈರ್ ಹೂತು ಹೋಗದೇ ಮೇಲೆ ನಿಲ್ಲತ್ತೆ. ಯಮಹಾ ಟಿಡಬ್ಲ್ಯೂ200ಗೆ ಮುಂದೆ 130/80-18, ಹಿಂದೆ 180/80-14 ಕೊಟ್ಟಿರೋದು ಅಂಥ ದಾರಿಗೇ.

ಇನ್ನು ಎದ್ದು ನಿಲ್ಲೋದು. ಬೈಕ್ ಓರೆ ಆದಾಗ ಟೈರ್ ನೆಲ ಮುಟ್ಟೋ ಬಿಂದು ಟೈರಿನ ನಡುವಿಂದ ಪಕ್ಕಕ್ಕೆ ಸರಿಯತ್ತೆ, ಟೈರ್ ದಪ್ಪ ಆದಷ್ಟೂ ಜಾಸ್ತಿ ಸರಿಯತ್ತೆ. ಆಗ ಬ್ರೇಕ್ ಹಿಡಿದ್ರೆ ನೆಲದ ಎಳೆತ ಸ್ಟೀರಿಂಗ್ ನಡುಗೆರೆಗಿಂತ ಪಕ್ಕದಲ್ಲಿ ಬೀಳತ್ತೆ, ಹ್ಯಾಂಡಲ್ಲನ್ನ ತಿರುವಿನ ಒಳಗಡೆಗೆ ತಿರುಗಿಸತ್ತೆ, ಹ್ಯಾಂಡಲ್ ಒಳಗೆ ತಿರುಗಿದ ತಕ್ಷಣ ಬೈಕ್ ಎದ್ದು ನಿಂತು ನೇರ ಹೋಗೋಕೆ ನೋಡತ್ತೆ. ತಿರುವಿನ ಮುಂಚೆಯೇ ಬ್ರೇಕ್ ಮುಗಿಸಿ, ಒಳಗೆ ಹಿಡೀಲೇಬೇಕಾದ್ರೆ ಮೆಲ್ಲಗೆ ಹಿಡೀರಿ, ಒಳಗಿನ ಕಡೆಯ ಹ್ಯಾಂಡಲ್ ಮೇಲೆ ಒತ್ತಡ ಬಿಡಬೇಡಿ. ಗಾಳಿ ಕಮ್ಮಿ ಇದ್ರೆ ಈ ಭಾರ ಎರಡು ಪಟ್ಟು ಅನ್ಸತ್ತೆ, ಅದಕ್ಕೆ ಮೊದಲು ಟೈರ್ ತಣ್ಣಗಿದ್ದಾಗ ಪ್ರೆಶರ್ ಚೆಕ್ ಮಾಡಿ. ಅಗಲದ ಹ್ಯಾಂಡಲ್‌ಬಾರ್ ಹಾಕಿದ್ರೆ ಕೈಗೆ ಸ್ವಲ್ಪ ಹಗುರ ಆಗತ್ತೆ.

ಪ್ರಶ್ನೆ: ಹಿಂದಿನ ಟೈರ್ ಒಂದು ಹೊಸದೇ ಇದೆ, ಮುಂದೆ ಹಾಕಬಹುದಾ?

ಉತ್ತರ: ಆ ಟೈರ್ ಕಂಪನಿ ಅದೇ ಮಾಡೆಲ್ಲನ್ನ ಮುಂದಕ್ಕೂ ಅಂತ ಒಪ್ಪಿದ್ರೆ ಮಾತ್ರ. ಎರಡೂ ಕಡೆಗೆ ಅಂತ ಮಾಡಿದ ಕೆಲವು ಟೈರಿನ ಪಕ್ಕದಲ್ಲಿ ಮುಂದಕ್ಕೆ ಒಂದು, ಹಿಂದಕ್ಕೆ ಒಂದು ಅಂತ ಎರಡು ಬಾಣದ ಗುರುತು ಇರತ್ತೆ, ಯಾಕಂದ್ರೆ ಹಿಂದಿನ ಟೈರ್ ಇಂಜಿನ್ ಎಳೆತ ತಡ್ಕೋಬೇಕು, ಮುಂದಿನದು ಬ್ರೇಕಿನ ಎಳೆತ ತಡ್ಕೋಬೇಕು, ಎರಡೂ ಉಲ್ಟಾ ದಿಕ್ಕು. ಒಂದೇ ಬಾಣ ಇದ್ದು ಹಿಂದಕ್ಕೆ ಅಂತ ಬರ್ದಿದ್ರೆ ಹಿಂದೆಯೇ ಇರಲಿ. ಮುಂದೆ ರೇಡಿಯಲ್ ಹಿಂದೆ ಬಯಾಸ್ (ಒಳಗಿನ ದಾರದ ಪದರ ಬೇರೆ ಬೇರೆ ತರ ಜೋಡಿಸಿದ ಎರಡು ಬಗೆಯ ಟೈರ್) ಅಂತ ಬೆರಕೆ ಮಾಡೋದೂ ಬೇಡ.

ಪ್ರಶ್ನೆ: ಉದ್ದ ಫೋರ್ಕಿನ ಚಾಪರ್ ಬೈಕಿನ ಲುಕ್ಕಿಗೆ 5 ಡಿಗ್ರಿ ರೇಕ್ ಇರೋ ಅಗಲದ ಟ್ರಿಪಲ್ ಟ್ರೀ ಸಿಗತ್ತಂತೆ, ಚಾಸಿ ಕತ್ತರಿಸೋದೇನೂ ಬೇಡ್ವಂತೆ, ಬೋಲ್ಟ್ ಹಾಕಿದ್ರೆ ಸಾಕಂತೆ. ರೇಕ್ ಜಾಸ್ತಿ ಆದ್ರೆ ನೇರ ಹೋಗೋದು ಇನ್ನೂ ಗಟ್ಟಿ ಆಗತ್ತೆ ಅಂತ ಕೇಳಿದೀನಿ, ನಿಜವಾ?

ಉತ್ತರ: ಚಾಸಿಯ ನೆಕ್, ಅಂದ್ರೆ ಸ್ಟೆಮ್ ಕೂರೋ ಪೈಪಿನ ಕೋನವನ್ನೇ ಜಾಸ್ತಿ ಮಾಡಿದ್ರೆ ಟ್ರೇಲ್ ಹೆಚ್ಚತ್ತೆ, ಆಗ ನೀವು ಕೇಳಿದ್ದು ನಿಜ. ಟ್ರಿಪಲ್ ಟ್ರೀಯಲ್ಲಿ ಕೋನ ಕೊಟ್ರೆ ಆಗೋದು ಅದಕ್ಕೆ ಪೂರ್ತಿ ವಿರುದ್ಧ, ಇದನ್ನ ದಯವಿಟ್ಟು ಗಂಭೀರವಾಗಿ ತಗೊಳ್ಳಿ. ಸ್ಟೀರಿಂಗ್ ನಡುಗೆರೆ ಎಲ್ಲಿತ್ತೋ ಅಲ್ಲೇ ಇರತ್ತೆ, ಫೋರ್ಕ್ ಮಾತ್ರ ಮುಂದಕ್ಕೆ ಚಾಚತ್ತೆ, ಚಕ್ರ ಮುಂದೆ ಹೋದಷ್ಟೂ ಟ್ರೇಲ್ ತಿಂದು ಹಾಕತ್ತೆ. ಪ್ಲೇಟಿಂದ ಆಕ್ಸಲ್ಲಿಗೆ 700 ಮಿಮೀ ಉದ್ದ ಅಂದ್ಕೊಂಡ್ರೆ 5 ಡಿಗ್ರಿಗೆ ಆಕ್ಸಲ್ 60 ಮಿಮೀಗೂ ಜಾಸ್ತಿ ಮುಂದೆ ಹೋಗತ್ತೆ, 100 ಇದ್ದ ಟ್ರೇಲ್ ಮೂವತ್ತರ ಆಸುಪಾಸಿಗೆ ಬಂದು ನಿಲ್ಲತ್ತೆ. ಅಂಥಾ ಬೈಕ್ ನಿಧಾನ ಹೋಗುವಾಗ ಹಗುರ ಅನ್ಸತ್ತೆ, ಖುಷಿನೂ ಆಗತ್ತೆ, ಸ್ಪೀಡ್ ಏರಿದಾಗ ಒಂದು ಗುಂಡಿ ಸಿಕ್ಕಿದ್ರೆ ಹ್ಯಾಂಡಲ್ ಕೈ ತಪ್ಪಿಸ್ಕೊಂಡು ಬಡಿಯೋಕೆ ಶುರು ಮಾಡತ್ತೆ. ಈ ತರದ ಟ್ರೀ ಇರೋದು ನೆಕ್ ಕೋನ ಆಗಲೇ ಜಾಸ್ತಿ ಇದ್ದು ಟ್ರೇಲ್ ಅತಿಯಾಗಿರೋ ಉದ್ದ ಫೋರ್ಕಿನ ಚಾಪರ್‌ಗಳಿಗೆ, ಅಲ್ಲಿ ಅದನ್ನ ಇಳಿಸೋಕೇ ಬಳಸ್ತಾರೆ. ಮಾಮೂಲಿ ಬೈಕಿಗೆ ಹಾಕ್ಬೇಡಿ.

ಪ್ರಶ್ನೆ: ಅಗಲದ ಫೋರ್ಕ್, 150 ಟೈರ್ ಹಾಕ್ಸಿ ಆಯ್ತು. ಥ್ರಾಟಲ್ ಬಿಟ್ಟಾಗ 70ರಿಂದ 50ಕ್ಕೆ ಇಳಿಯೋ ಹೊತ್ತಲ್ಲಿ ಹ್ಯಾಂಡಲ್ ಗಡಗಡ ಅಲ್ಲಾಡತ್ತೆ. ಹ್ಯಾಂಡಲ್ ಅಲ್ಲಾಟ ತಡೆಯೋ ಸ್ಟೀರಿಂಗ್ ಡ್ಯಾಂಪರ್ ಹಾಕಿದ್ರೆ ಹೋಗತ್ತೆ ಅಂತಾರೆ.

ಉತ್ತರ: ಡ್ಯಾಂಪರ್ ಅಲ್ಲಾಟವನ್ನ ಮುಚ್ಚಿಡತ್ತೆ, ಕಾರಣ ಹಾಗೇ ಉಳಿಯತ್ತೆ. ಕಾರಣ ಸಿಗೋ ತನಕ ಬೈಕ್ ಓಡಿಸ್ಬೇಡಿ.

ಮುಂದಿನ ಚಕ್ರ ನೆಲದಿಂದ ಎತ್ತಿ ನಿಲ್ಲಿಸಿ. ಫೋರ್ಕ್ ಬಾಟಮ್ ಎರಡನ್ನೂ ಹಿಡಿದು ಹಿಂದೆ ಮುಂದೆ ಎಳೆದಾಡಿ, ಟಕ್ ಅಂದ್ರೆ ಕೋನ್ ಸೆಟ್ ಸಡಿಲ ಇದೆ. ಮುಂಭಾಗದ ಭಾರ ಜಾಸ್ತಿ ಆದ್ಮೇಲೆ ಹೊಸ ಬೇರಿಂಗ್ ಕೂಡ ಕೂತ್ಕೊಂಡು ಸಡಿಲ ಆಗತ್ತೆ, ಅದಕ್ಕೆ ಮೊದಲ ಕೆಲವು ನೂರು ಕಿಲೋಮೀಟರ್ ಆದ್ಮೇಲೆ ಒಂದು ಸಲ ಬಿಗಿ ಮಾಡ್ಲೇಬೇಕು. ಹ್ಯಾಂಡಲ್ ನಿಧಾನ ತಿರುಗಿಸಿದಾಗ ನಡುವಲ್ಲಿ ಹಳ್ಳಕ್ಕೆ ಬಿದ್ದ ಹಾಗೆ ನಿಂತ್ರೆ ರೇಸ್ (ಬೇರಿಂಗ್ ಗುಂಡು ಉರುಳೋ ಬಳೆ) ಹೋಗಿದೆ, ಬದಲಿಸಿ. ಆಮೇಲೆ ಚಕ್ರ ತಿರುಗಿಸಿ ಟೈರ್ ಪಕ್ಕದಲ್ಲಿರೋ ತೆಳು ಗೆರೆ ರಿಮ್ಮಿಂದ ಸುತ್ತಲೂ ಒಂದೇ ದೂರ ಇದ್ಯಾ ನೋಡಿ, ಒಂದು ಕಡೆ ಒಳಗೆ ಹೋಗಿದ್ರೆ ಟೈರ್ ಸರಿಯಾಗಿ ಕೂತಿಲ್ಲ. ರಿಮ್ ಆಟ, ಸ್ಪೋಕ್ ಬಿಗಿ, ಬ್ಯಾಲೆನ್ಸ್ ನೋಡಿ, ದಪ್ಪ ಟೈರಿಗೆ ಬ್ಯಾಲೆನ್ಸ್ ಮಾಡಿಸದೇ ಬಿಡೋ ಹಾಗೇ ಇಲ್ಲ.

ಅದೆಲ್ಲ ಸರಿ ಇದ್ರೆ ಎರಡು ಫೋರ್ಕ್ ಒಂದಕ್ಕೊಂದು ತಿರುಚಿ ನಿಂತಿರಬಹುದು, ಅಗಲದ ಟ್ರೀಯಲ್ಲಿ ಇದು ಜಾಸ್ತಿ. ದಪ್ಪ ಗಾಜಿನ ತುಂಡೊಂದನ್ನ ಎರಡೂ ಪೈಪಿನ ಮೇಲೆ ಅಡ್ಡ ಇಡಿ, ನಾಲ್ಕು ಕಡೆಯೂ ತಾಗಿದ್ರೆ ನೇರ, ಒಂದು ಮೂಲೆ ಅಲ್ಲಾಡಿದ್ರೆ ತಿರುಚಿದೆ. ಆಗ ಕೆಳಗಿನ ಪ್ಲೇಟಿನ ಬೋಲ್ಟ್ ಮಾತ್ರ ಸಡಿಲ ಮಾಡಿ (ಮೇಲಿನದು ಬಿಗಿಯಾಗೇ ಇರಲಿ, ಇಲ್ಲಾಂದ್ರೆ ಪೈಪ್ ಜಾರತ್ತೆ), ಆಕ್ಸಲ್ ಬಿಗಿ ಮಾಡಿ, ಬೈಕ್ ನೆಲಕ್ಕಿಳಿಸಿ ಮುಂದಿನ ಬ್ರೇಕ್ ಹಿಡ್ಕೊಂಡು ಫೋರ್ಕ್ ನಾಲ್ಕೈದು ಸಲ ಒತ್ತಿ ಬಿಡಿ, ಅದು ತಾನೇ ತನ್ನ ಜಾಗಕ್ಕೆ ಕೂತ್ಕೊಳ್ಳತ್ತೆ, ಆಮೇಲೆ ಆಕ್ಸಲ್ಲನ್ನ ಬಿಗಿ ಹಿಡಿಯೋ ಪಿಂಚ್ ಬೋಲ್ಟಿಂದ ಶುರು ಮಾಡಿ ಕೆಳಗಿಂದ ಮೇಲಕ್ಕೆ ಟಾರ್ಕ್ ರೆಂಚಲ್ಲಿ ಬಿಗಿ ಮಾಡ್ತಾ ಹೋಗಿ. ಕೊನೆಗೆ ಉದ್ದದ ದಾರ ಅಥವಾ ನೇರ ಪಟ್ಟಿ ಹಿಡಿದು ಮುಂದಿನ ಚಕ್ರ ಹಿಂದಿನದರ ನೇರಕ್ಕೇ ಇದ್ಯಾ ನೋಡಿ. ಸ್ಪೇಸರ್ ಒಂದು ಕಡೆ 3 ಮಿಮೀ ಜಾಸ್ತಿ ಇದ್ರೂ ಚಕ್ರ ಅಷ್ಟು ಪಕ್ಕಕ್ಕೆ ಕೂತಿರತ್ತೆ, ಕಣ್ಣಿಗೆ ಗೊತ್ತಾಗಲ್ಲ. ಹೊಸ ಚಕ್ರದ ಜೊತೆ ಎಬಿಎಸ್ ಇರೋ ಬೈಕಾದ್ರೆ ಸೆನ್ಸರ್ ರಿಂಗಿನ ಹಲ್ಲಿನ ಲೆಕ್ಕ ಹಳೇದರಷ್ಟೇ ಇದ್ಯಾ ಅಂತಾನೂ ನೋಡ್ಕೊಳ್ಳಿ, ಎಬಿಎಸ್ ಎರಡು ಚಕ್ರದ ವೇಗ ಹೋಲಿಸಿ ನೋಡೋದ್ರಿಂದ ಅಳತೆ ತುಂಬಾ ಬದಲಾದ್ರೆ ತಪ್ಪು ತಿಳ್ಕೊಳ್ಳತ್ತೆ.

ಪ್ರಶ್ನೆ: ನಂಗೆ ಓಡಿಸೋಕೆ ಬೈಕ್ ಈಗಿರೋ ಹಾಗೇ ಹಗುರ ಇರಬೇಕು, ಆದ್ರೆ ಮುಂಭಾಗ ಅಗಲ ಕಾಣ್ಬೇಕು. ಎರಡೂ ಆಗತ್ತಾ?

ಉತ್ತರ: ಆಗತ್ತೆ. ಅಗಲದ ಫೋರ್ಕ್ ಅಂದ್ರೆ ದಪ್ಪ ಟೈರ್ ಇರಲೇಬೇಕು ಅಂತೇನಿಲ್ಲ. 1980ರಲ್ಲಿ ಹಾರ್ಲೆ-ಡೇವಿಡ್ಸನ್ ವೈಡ್ ಗ್ಲೈಡ್ ಬಿಟ್ಟಾಗ ಫೋರ್ಕ್ ಅಗಲ ಇತ್ತು, ಮಧ್ಯೆ ಇದ್ದದ್ದು 21 ಇಂಚಿನ ತೆಳ್ಳನೆ ಚಕ್ರ, ಎರಡು ಪಕ್ಕ ಖಾಲಿ ಜಾಗ ಕಾಣೋದೇ ಅದರ ಚೆಂದ. ಎರಡೂ ಕಡೆ 16 ಇಂಚಿನ ಗಟ್ಟಿ ಡಿಸ್ಕ್ ಚಕ್ರದ ಫ್ಯಾಟ್ ಬಾಯ್ ಬಂದದ್ದು 1990ರಲ್ಲಿ, 2018ರ ಮಾಡೆಲ್ಲಿಗೆ ಮುಂದೆ 160, ಹಿಂದೆ 240 ಟೈರ್ ಕೊಟ್ರು, ಅದು ಇಡೀ ಚಾಸಿಯನ್ನೇ ಆ ಟೈರಿಗೆ ಅಂತ ಹೊಸದಾಗಿ ಮಾಡಿ. ನಮ್ಮ ಚಾಸಿ ಹಾಗಲ್ಲ ಅನ್ನೋದು ನೆನಪಿರಲಿ.

ನಿಮ್ಮ ಬೈಕಿಗೆ ಇನ್ನೂ ಸುಲಭದ ದಾರಿ ಅಂದ್ರೆ ಟ್ರಿಪಲ್ ಟ್ರೀ ಮುಟ್ಟದೇ, ಫೋರ್ಕ್ ಪೈಪಿನ ಮೇಲ್ಭಾಗಕ್ಕೆ ದಪ್ಪ ಕವರ್ ಹಾಕಿ, ದೊಡ್ಡ ಹೆಡ್‌ಲೈಟ್, ಅಗಲದ ಹ್ಯಾಂಡಲ್‌ಬಾರ್, ಟೈರ್ ಮಾತ್ರ ಈಗಿರೋದಕ್ಕಿಂತ ಒಂದು ಸೈಜ್ ಅಷ್ಟೇ ದಪ್ಪ. 100/90-19 ಇದ್ರೆ ಅದೇ 19 ಇಂಚಿನಲ್ಲಿ 110/80-19 ನೋಡಿ, ವ್ಯಾಸ 658.6 ಮಿಮೀ, ಹಳೇದಕ್ಕಿಂತ 4 ಮಿಮೀ ಅಷ್ಟೇ ಕಮ್ಮಿ, ಟ್ರೇಲ್ ಹೆಚ್ಚೂಕಮ್ಮಿ ಹಾಗೇ ಇರತ್ತೆ, ಸ್ಪೀಡೋಮೀಟರ್ ತಪ್ಪು ತೋರಿಸಲ್ಲ. 16 ಇಂಚಿನ 130ಕ್ಕೆ ಹೋಗಿದ್ರೆ ಮುಂದಿನ ಚಕ್ರದಿಂದ ಓದೋ ಮೀಟರ್ 60 ತೋರಿಸುವಾಗ ನಿಜಕ್ಕೂ ನೀವು 58ರಲ್ಲಿ ಇರ್ತಿದ್ರಿ. ರಿಮ್ ಅಗಲ 110ಕ್ಕೆ ಒಪ್ಪತ್ತಾ, ಫೋರ್ಕ್ ಮತ್ತು ಮಡ್‌ಗಾರ್ಡ್ ಮಧ್ಯೆ ಪಕ್ಕಕ್ಕೆ ಹತ್ತು ಮಿಮೀ ಉಳಿಯತ್ತಾ, ಇಷ್ಟು ನೋಡಿ ಹಾಕ್ಸಿ. ಟೈರ್ ಸೈಜ್ ಆಗಲಿ ಫೋರ್ಕ್ ಆಗಲಿ ಬದಲಿಸೋ ಮುಂಚೆ ನಿಮ್ಮಲ್ಲಿನ ನೋಂದಣಿ ನಿಯಮ ಮತ್ತೆ ಇನ್ಶೂರೆನ್ಸ್‌ನವರು ಒಪ್ತಾರಾ ಅಂತ ಬರವಣಿಗೆಯಲ್ಲೇ ಕೇಳ್ಕೊಳ್ಳಿ, ಬಿಚ್ಚಿದ ಹಳೇ ಪಾರ್ಟ್ಸ್ ಮಾರಬೇಡಿ.